ಸೀಲ್ ಹಾಕುವ ಚೌಕ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 9.10

ಜೆರಾಕ್ಸ್ ಮಿಷನ್ ಬಿಸಿಯಾಗಲು ಏಳು ನಿಮಿಷ. ಆ ಏಳು ನಿಮಿಷ ನನ್ನದು. ಹಾಳಾದ ಪ್ರತಿಗಳ ಬೆನ್ನಿನ ಮೇಲೆ ಬರೆಯುತ್ತೇನೆ. ಇವತ್ತಿನ ಹಾಳೆಯ ಮುಂಭಾಗದಲ್ಲಿ ಮೀನಿನ ಅರ್ಧ ಚಿತ್ರ. ತಲೆ ಇಲ್ಲ, ಬಾಲ ಇದೆ. ಶುಕ್ರವಾರ ಕಾಗದ ಸಿಕ್ಕಿಕೊಂಡಾಗ ಹುಟ್ಟಿದ್ದು.

ಗಾಜು ಒರೆಸಿದೆ. ಟೋನರ್ ಅಲ್ಲಾಡಿಸಿದೆ, ಇನ್ನೊಂದು ವಾರ ಬರುತ್ತದೆ. ಫಾರಂ ಕಟ್ಟು ಎಡಕ್ಕೆ, ದಾರ ಕಟ್ಟಿದ ಪೆನ್ನು ಬಲಕ್ಕೆ. ಗ್ರಂಥಾಲಯದ ನಕಲು ವಿಭಾಗ ಅಂದರೆ ಇಷ್ಟೇ — ಮಿಷನ್ ಒಂದು, ಕಾರಿಡಾರಿಗೆ ತೆರೆಯುವ ಕಿಟಕಿ ಒಂದು, ನಾನೊಬ್ಬ. ಮಕ್ಕಳ ವಿಭಾಗದ ಪುಟಾಣಿಗಳು ನನ್ನನ್ನು ‘ನಕಲಿ ಮಾಮ’ ಅನ್ನುತ್ತವೆ. ‘ನಕಲು ಮಾಮ’ ಅನ್ನಿರೋ ಎಂದು ತಿದ್ದಿ ತಿದ್ದಿ ಸಾಕಾಯಿತು. ಈಗ ಓಗೊಡುತ್ತೇನೆ.

ಕಿಟಕಿಯ ಮೇಲೆ ನಾನೇ ಬರೆದು ಅಂಟಿಸಿದ ಬೋರ್ಡು. ಸಂಶೋಧನೆಗೆ ಮಾತ್ರ. ಒಂದೇ ಪ್ರತಿ. ಪುಸ್ತಕದ ಹತ್ತನೇ ಒಂದು ಭಾಗ ಮೀರುವಂತಿಲ್ಲ. ಸಂಸ್ಥೆಯ ಸೀಲ್ ಇಲ್ಲದ ಫಾರಂ ಸ್ವೀಕರಿಸುವುದಿಲ್ಲ. ನಾಲ್ಕೇ ಸಾಲು. ಹತ್ತೊಂಬತ್ತು ವರ್ಷದಿಂದ ಒಂದು ಅಕ್ಷರ ಬದಲಾಗಿಲ್ಲ. ಇದಕ್ಕೆ ನನಗೆ ಸ್ವಲ್ಪ ಜಂಬ ಇದೆ, ಸುಳ್ಳೇಕೆ ಹೇಳಲಿ.

ಹಸಿರು ದೀಪ ಬಂತು.

ಮಧ್ಯಾಹ್ನ 12.20

ಅಕ್ಕ ಬಂದಿದ್ದಳು! ಅವಳ ಟೈಲರ್ ಅಂಗಡಿ ಹಿಂದಿನ ಬೀದಿಯಲ್ಲೇ ಇದೆ. ಆದರೂ ಇಲ್ಲಿಯ ಮೆಟ್ಟಿಲು ಹತ್ತಿದವಳಲ್ಲ. ಕರೆದರೆ, "ಅಲ್ಲಿ ಸೂಜಿ ಬಿದ್ರೂ ಕೇಳುತ್ತಂತೆ, ನನ್ನ ಕಸುಬೇ ಸೂಜಿ" ಅನ್ನುತ್ತಾಳೆ.

ಅವಳಿಗೆ ಹನ್ನೊಂದು ವರ್ಷದಿಂದ ಜೇಬಿನ ಹುಚ್ಚು. ರಿಪೇರಿಗೆ ಬಂದ ಹಳೆಯ ಬಟ್ಟೆಗಳ ಜೇಬನ್ನೆಲ್ಲ ಅಳೆದು ನೋಟ್‌ಬುಕ್ಕಿಗೆ ಏರಿಸಿದ್ದಾಳೆ. ಗಂಡಸರ ಜೇಬು ಆಳವಾಗುತ್ತ ಹೋಗಿದ್ದು ಯಾವಾಗ, ಹೆಂಗಸರ ಜೇಬು ಕಾಣೆಯಾಗಿದ್ದು ಯಾವಾಗ, ಏಕೆ. ಅರವತ್ತೊಂದನೇ ವಯಸ್ಸಿನಲ್ಲಿ ಲೇಖನ ಬರೆದಳು. ಉಡುಪುಗಳ ಇತಿಹಾಸಕ್ಕೇ ಮೀಸಲಾದ ಪತ್ರಿಕೆಯೊಂದು ಒಪ್ಪಿದೆ. ಆದರೆ ಸಂಪಾದಕಿಯ ಷರತ್ತು — ಅಕ್ಕ ಆಧಾರ ಕೊಟ್ಟಿರುವ ಹಳೆಯ ಕಟಿಂಗ್ ಪುಸ್ತಕದ ಪುಟಗಳ ನಕಲು ಕಳಿಸಬೇಕು. ಮಾರ್ಚ್ 31ರೊಳಗೆ. ಕಣ್ಣಾರೆ ನೋಡದೆ ಅಚ್ಚು ಹಾಕುವುದಿಲ್ಲವಂತೆ. ತಪ್ಪಿದರೆ ಲೇಖನ ವಾಪಸ್.

ಆ ಪುಸ್ತಕ ನಮ್ಮಲ್ಲಿದೆ. ದೇಶದಲ್ಲಿ ಇರುವುದು ಈ ಒಂದೇ ಪ್ರತಿ. ಅಂಗಡಿಯಲ್ಲಿ ಸಿಗುವುದಿಲ್ಲ, ಮನೆಗೆ ಕೊಡುವುದಿಲ್ಲ. ಬರೆದಾತ ತೀರಿಕೊಂಡು ನಲವತ್ತು ವರ್ಷವಷ್ಟೇ, ಹಕ್ಕು ಇನ್ನೂ ಮುಗಿದಿಲ್ಲ. ವಾರಸುದಾರರು ಎಲ್ಲಿದ್ದಾರೋ ದೇವರೇ ಬಲ್ಲ. ಹಾಗಾಗಿ ಇರುವುದೊಂದೇ ದಾರಿ: ಸಂಶೋಧನೆಗೆ ಕಾಯ್ದೆ ಕೊಟ್ಟಿರುವ ವಿನಾಯಿತಿ. ಅಂದರೆ ನನ್ನ ಕಿಟಕಿ.

"ಫಾರಂ ಕೊಡು" ಅಂದಳು. ಕೊಟ್ಟೆ. ಹೆಸರು, ಪುಸ್ತಕ, ಪುಟ, ಉದ್ದೇಶ, ಎಲ್ಲ ಮುದ್ದಾಗಿ ತುಂಬಿದಳು. ಕೊನೆಗೆ ಕೆಳಗಿನ ಚೌಕ.

"ಇಲ್ಲೇನೋ ಹಾಕೋದು?"

"ಸಂಸ್ಥೆ ಸೀಲ್. ಕಾಲೇಜೋ, ಸಂಶೋಧನಾ ಕೇಂದ್ರವೋ..."

"ನನ್ನ ಸಂಸ್ಥೆ ಅಂದ್ರೆ ಎರಡು ಮಿಷನ್ನು, ಒಂದು ಇಸ್ತ್ರಿಪೆಟ್ಟಿಗೆ."

"ಹಾಗಾದ್ರೆ ಆಗಲ್ಲ ಅಕ್ಕ. ರೂಲ್ಸು."

ನನ್ನನ್ನೇ ನೋಡಿದಳು. ಕೋಪವಿರಲಿಲ್ಲ. ಅಳತೆಯ ಬಟ್ಟೆಯನ್ನೂ ಹೊಲಿದ ಬಟ್ಟೆಯನ್ನೂ ಪಕ್ಕಪಕ್ಕ ಹಿಡಿದು ನೋಡುತ್ತಾಳಲ್ಲ, ಹಾಗೆ.

"ಹೋಗಲಿ ಬಿಡು. ಈ ಸಲ ತಲೆ ಎತ್ತಿ ಹೇಳಿದೆಯಲ್ಲ, ಅಷ್ಟೇ ಸಂತೋಷ."

ಹೋದಳು. ಏನರ್ಥವೋ ಏನೋ. ಅವಳ ಮಾತಿನಲ್ಲಿ ಯಾವಾಗಲೂ ಒಂದು ಪಿನ್ನು ಉಳಿದಿರುತ್ತದೆ.

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ 10.45

ಮತ್ತೆ ಬಂದಳು. ಅದೇ ಫಾರಂ. ಚೌಕದಲ್ಲಿ ಸೀಲ್ ಇದೆ! ನೇರಳೆ ಶಾಯಿ, ಸೊಟ್ಟಗೆ. ಕನ್ನಡಕ ಏರಿಸಿ ಓದಿದೆ:

‘ಡೆಲಿವರಿ ಆದ ಮೇಲೆ ದೂರು ಕೇಳುವುದಿಲ್ಲ.’

ಅವಳ ಅಂಗಡಿಯ ರಸೀದಿಗೆ ಒತ್ತುವ ಸೀಲು.

"ಏನಕ್ಕ ಇದು?"

"ಸಂಸ್ಥೆ ಸೀಲ್ ಅಂದೆ. ನನ್ನ ಸಂಸ್ಥೆ, ನನ್ನ ಸೀಲು. ಯಾವ ಸಂಸ್ಥೆ ಅಂತ ನಿನ್ನ ಚೌಕ ಕೇಳಿಲ್ಲ."

ಹಿಂದೆ ನಿಂತಿದ್ದ ಇಬ್ಬರು ವಿದ್ಯಾರ್ಥಿಗಳು ನಕ್ಕರು. ನನಗೂ ನಗು ಬಂತು, ತಡೆದುಕೊಂಡೆ. ಸಂಶೋಧನೆ ನಡೆಸುವ ಸಂಸ್ಥೆಯೇ ಆಗಬೇಕು ಅಂದೆ.

"ಹನ್ನೊಂದು ವರ್ಷ ನಾನು ಮಾಡಿದ್ದೇನು, ಜೇಬಿನಲ್ಲಿ ಕಡಲೆ ಹುಡುಕಿದ್ನಾ?"

ಓದುವ ಕೋಣೆಗೆ ಕಾರ್ಡ್ ಮಾಡಿಸಿಕೊಟ್ಟೆ. ಪೆನ್ಸಿಲಿನಲ್ಲಿ ನೋಟ್ಸ್ ಬರೆದುಕೊಳ್ಳಲು ಯಾರ ಸೀಲೂ ಬೇಡ. ಆದರೆ ಎಡಗಣ್ಣಿನಲ್ಲಿ ಪೊರೆ, ಆಪರೇಷನ್ ಮೇ ತಿಂಗಳಿಗೆ. ಆ ಪುಸ್ತಕದ ಅಂಕಿಗಳೋ ಇರುವೆ ಸಾಲು. ದೊಡ್ಡದು ಮಾಡಿ ನಕಲು ತೆಗೆದರೆ ಮಾತ್ರ ಅವಳು ಸರಿಯಾಗಿ ಓದಬಲ್ಲಳು. ಸಂಪಾದಕಿಗಂತೂ ನಕಲೇ ಬೇಕು.

ರಾತ್ರಿ 9.00. ಮನೆ

ಇವಳಿಗೆ ಹೇಳಿದೆ. ಹೆಂಡತಿಯ ತೀರ್ಪು ಒಂದೇ ಉಸಿರಿನಲ್ಲಿ: "ಸ್ವಂತ ಅಕ್ಕನಿಗೆ ಇಪ್ಪತ್ತು ಪುಟ ಕೊಡೋಕೆ ಆಗಲ್ಲ ಅಂದ್ರೆ ಆ ಮಿಷನ್ ಇಟ್ಕೊಂಡು ಏನು ಮಾಡ್ತೀರಿ, ರೊಟ್ಟಿ ಸುಡಿ."

ಸ್ವಂತ ಅಕ್ಕ ಅಂತಲೇ ಕೊಡಲಾಗದು. ಅದನ್ನು ಹೇಗೆ ತಿಳಿಸುವುದು ಇವಳಿಗೆ.

ಮಾರ್ಚ್ 5, ಬುಧವಾರ. ಮಧ್ಯಾಹ್ನ 3.00

ಒಂದು ಕೆಟ್ಟ ಸುದ್ದಿ.

ಸೀಲ್ ಸಿಕ್ಕರೆ ತಡವಾಗದಿರಲಿ ಎಂದು ಪುಸ್ತಕ ತೆಗೆದು ಪುಟ ಎಣಿಸಿದೆ. 212. ಹತ್ತನೇ ಒಂದು ಭಾಗವೆಂದರೆ ಇಪ್ಪತ್ತೊಂದು ಪುಟ ಮತ್ತು ಐದನೇ ಒಂದು. ಅಕ್ಕನ ಪಟ್ಟಿ ಇಪ್ಪತ್ತನಾಲ್ಕು. ಹೇಳಿದ್ದಕ್ಕೆ, "ಮೂರು ಪುಟ ಬಿಡ್ತೀನಿ. ಕಮ್ಮಿ ಬಟ್ಟೆ ತಂದವರಿಗೂ ಪೂರ್ತಿ ಅಂಗಿ ಹೊಲಿದವಳು ನಾನು. ಆ ಐದನೇ ಒಂದು ಪುಟ ಮಾತ್ರ ಬಿಡಲ್ಲ, ಕತ್ತರಿಸಿಯಾದರೂ ಕೊಡು."

ಕೆಟ್ಟ ಸುದ್ದಿ ಅದಲ್ಲ. 96 ಆದ ಮೇಲೆ 99. ನಡುವಿನ ಹಾಳೆ ಇಲ್ಲ. ಜೇಬಿನ ಅಳತೆಗಳ ದೊಡ್ಡ ಕೋಷ್ಟಕ ಇದ್ದದ್ದು ಅದರಲ್ಲೇ, ಪರಿವಿಡಿ ಹೇಳುತ್ತದೆ. ಅಕ್ಕನ ಪಟ್ಟಿಯಲ್ಲೂ ಅದೇ ಮೊದಲು.

ಬೈಂಡಿಂಗ್ ಕೋಣೆಯಿಂದ ಗೋಂದಣ್ಣನನ್ನು ಕರೆಸಿದೆ. ಮೂವತ್ತು ವರ್ಷದಿಂದ ಅಂಟಿನ ಡಬ್ಬಿಯೊಂದಿಗೆ ಸಂಸಾರ, ಅದಕ್ಕೇ ಆ ಹೆಸರು. ಉಳಿದ ಅಂಚಿನ ಮೇಲೆ ಬೆರಳಾಡಿಸಿದರು.

"ಹರಿದಿದ್ದಲ್ಲ ಸಾರ್. ಬ್ಲೇಡೂ ಅಲ್ಲ, ಬ್ಲೇಡಾದ್ರೆ ಕೆಳಗಿನ ಹಾಳೆಗೂ ಗಾಯ ಆಗೋದು. ಸಣ್ಣ ಕತ್ತರಿ. ಪಳಗಿದ ಕೈ."

"ಯಾವನೋ ಕಳ್ಳ. ಕೈಗೆ ಸಿಕ್ಕಿದ್ರೆ..." ಅಂದೆ. ಇಂಥದ್ದು ಕಂಡರೆ ನನಗೆ ಮೈ ಉರಿಯುತ್ತದೆ. ಪಕ್ಕದ ಮೇಜಿನಲ್ಲಿದ್ದ ಅಕ್ಕ ಚಪ್ಪಲಿಯ ಪಟ್ಟಿ ಸರಿಮಾಡಲು ಬಗ್ಗಿದಳು. ಪಾಪ, ಅವಳಿಗೂ ಬೇಸರವಾಗಿರಬೇಕು.

ಮಾರ್ಚ್ 7, ಶುಕ್ರವಾರ. ಬೆಳಿಗ್ಗೆ 9.05

ನಿನ್ನೆ ದೊಡ್ಡ ಕ್ಯಾಟಲಾಗಿನಲ್ಲಿ ಹುಡುಕಿದೆ. ಇದೇ ಪುಸ್ತಕದ ಇನ್ನೊಂದು ಪ್ರತಿ ಪಕ್ಕದ ದೇಶದ ಗ್ರಂಥಾಲಯದಲ್ಲಿದೆ. ಮೇಡಂ — ನಮ್ಮ ಹೊಸ ಗ್ರಂಥಪಾಲಕಿ, ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು — ಕಾಗದ ಬರೆಯಲು ಒಪ್ಪಿದರು. 97, 98ನೇ ಪುಟಗಳ ನಕಲು ಕೊಡಿ, ನಮ್ಮ ಪ್ರತಿಯಲ್ಲಿ ಹಾಳೆ ಇಲ್ಲ ಎಂದು ಇಮೇಲ್ ಕಳಿಸಿದ್ದಾಯಿತು.

ಅಕ್ಕನಿಗೆ ಫೋನ್ ಮಾಡಿದೆ, ಕುಣಿಯುತ್ತಾಳೆ ಅಂದುಕೊಂಡು.

"ಬೇಡ ಬಿಡೋ. ಆ ಒಂದು ಹಾಳೆಗೆ ಎಲ್ಲರಿಗೂ ಯಾಕೆ ತೊಂದರೆ."

"ಅದೇ ಮುಖ್ಯ ಅಂತ ನೀನೇ ಅಂದೆಯಲ್ಲ?"

"ಮುಖ್ಯಾನೇ. ಆದ್ರೂ ಬೇಡ."

ಯಾವತ್ತೂ ಸಂಕೋಚ ಪಡದವಳು ಈಗ ಪಡುತ್ತಿದ್ದಾಳೆ. ವಯಸ್ಸಾಯಿತು.

ಮಾರ್ಚ್ 20, ಗುರುವಾರ. ಮಧ್ಯಾಹ್ನ 2.30

ಹದಿಮೂರು ದಿನ ಬರೆಯಲಿಲ್ಲ. ಮಿಷನ್ ಕೆಟ್ಟಿತ್ತು. ಬಿಸಿಯಾಗದ ಮಿಷನ್ನಿಗೆ ಏಳು ನಿಮಿಷ ಎಲ್ಲಿಂದ ಬರಬೇಕು. ನಿನ್ನೆ ರಿಪೇರಿಯಾಯಿತು, ಒಳಗೆ ಯಾರದೋ ಹೇರ್‌ಪಿನ್ ಸಿಕ್ಕಿತು.

ಪಕ್ಕದ ದೇಶದಿಂದ ಉತ್ತರ ಬಂದಿದೆ. ವಿನಯವಾಗಿಯೇ ಇಲ್ಲ ಅಂದಿದ್ದಾರೆ. ಸಂಶೋಧನೆಗೆ ನಕಲು ಕೊಡಲು ಅವರ ಕಾಯ್ದೆಯಲ್ಲೂ ವಿನಾಯಿತಿ ಇದೆ. ಆದರೆ ಅದು ಅವರ ಗಡಿಯೊಳಗೆ. ಗಡಿಯಾಚೆ ಕಳಿಸಲು ಕಾಯ್ದೆ ಬಿಡುವುದಿಲ್ಲ. ಸಂಶೋಧಕರು ಇಲ್ಲಿಗೇ ಬಂದರೆ ಹತ್ತು ನಿಮಿಷದಲ್ಲಿ ಕೊಡುತ್ತೇವೆ ಎಂದು ಬರೆದು, ತಮ್ಮ ಫಾರಂ ಲಗತ್ತಿಸಿದ್ದಾರೆ. ಒಂದೇ ಪುಸ್ತಕ, ಒಂದೇ ಹಾಳೆ, ಅಲ್ಲಿ ಕೊಟ್ಟರೆ ಧರ್ಮ, ಇಲ್ಲಿಗೆ ಕಳಿಸಿದರೆ ಅಪರಾಧ! ವಿನಾಯಿತಿಗೂ ಪಾಸ್‌ಪೋರ್ಟ್ ಇಲ್ಲ.

ಅವರ ಫಾರಂ ಮುಂದಿಟ್ಟುಕೊಂಡು ಕೂತಿದ್ದೇನೆ. ಅರ್ಧ ಹಾಳೆ ಅಷ್ಟೇ. ಹೆಸರು, ಪುಟ. ಕೆಳಗೆ ಒಂದು ಸಾಲು: ‘ಇದನ್ನು ನಾನು ನನ್ನ ಸಂಶೋಧನೆಗಾಗಿ ಕೇಳುತ್ತಿದ್ದೇನೆ.’ ಸಹಿ. ಮುಗಿಯಿತು.

ಸೀಲಿಗೆ ಜಾಗವೇ ಇಲ್ಲ. ಅವರಲ್ಲಿ ಯಾವನು ಬೇಕಾದರೂ ಸಂಶೋಧಕನೇ?

ಮೇಡಂ ಕೂಡ ನೋಡಿದರು. ಆಮೇಲೆ ನಮ್ಮ ಫಾರಂ ನೋಡಿದರು. "ಈ ಸೀಲ್ ನಮ್ಮ ಕಾಯ್ದೆಯಲ್ಲಿದೆಯಾ?" ಅಂತ ಕೇಳಿದರು.

"ಇರಲೇಬೇಕು ಮೇಡಂ. ಹತ್ತೊಂಬತ್ತು ವರ್ಷದಿಂದ ಕೇಳ್ತಿದ್ದೀವಿ."

"ಯಾವ ಕಲಂ ಅಂತ ನಾಳೆ ತೋರಿಸ್ತೀರಾ?"

ಮಾರ್ಚ್ 21, ಶುಕ್ರವಾರ. ಬೆಳಿಗ್ಗೆ 11.15

ಕಾಯ್ದೆ ಪುಸ್ತಕ ನಮ್ಮ ಎರಡನೇ ಮಹಡಿಯಲ್ಲೇ ಇದೆ. ಇಷ್ಟು ವರ್ಷ ಅದರ ಹೆಸರಿನಲ್ಲಿ ಗುಡುಗಿದ್ದೇನೆ. ಓದಿದ್ದು ಇವತ್ತೇ ಮೊದಲು.

ಸಂಶೋಧನೆಗಾಗಲಿ, ಸ್ವಂತ ಅಧ್ಯಯನಕ್ಕಾಗಲಿ, ನ್ಯಾಯವಾದ ಮಟ್ಟಿಗೆ ನಕಲು ಮಾಡಿಕೊಂಡರೆ ಅದು ಹಕ್ಕಿನ ಉಲ್ಲಂಘನೆಯಲ್ಲ. ಅಷ್ಟೇ. ಸಂಸ್ಥೆ ಎಂಬ ಪದವಿಲ್ಲ. ಸೀಲ್ ಇಲ್ಲ. ಪದವಿ ಇಲ್ಲ. ‘ಸ್ವಂತ’ ಎಂದರೆ ಸ್ವಂತ. ಹತ್ತನೇ ಒಂದು ಭಾಗ ಎಂಬುದೂ ಇಲ್ಲ. ಅದನ್ನು ಗ್ರಂಥಾಲಯಗಳು ನ್ಯಾಯವಾದ ಮಟ್ಟಕ್ಕೊಂದು ಅಂದಾಜಿರಲಿ ಎಂದು ಇಟ್ಟುಕೊಂಡದ್ದಂತೆ. ಇರಲಿ, ಅದಕ್ಕಾದರೂ ಒಂದು ಕಾರಣವಿದೆ.

ಮೂರು ಸಲ ಓದಿದೆ. ನಾಲ್ಕನೇ ಸಲ ಬೆರಳಿಟ್ಟು ಓದಿದೆ. ಇಲ್ಲ.

ಹಾಗಾದರೆ ಎಲ್ಲಿಂದ ಬಂತು?

ಸಂಜೆ 4.50

ಸಿಕ್ಕಿತು. ಕೆಳಗಿನ ದಾಸ್ತಾನು ಕೋಣೆ, ಹಳೆಯ ಕಡತ, ದಾರ ಹರಿದದ್ದು. ಫಾರಂ ತಯಾರಾದ ವರ್ಷದ ಟಿಪ್ಪಣಿ. ಆಗಿನ ಗ್ರಂಥಪಾಲಕರು ನನಗೆ ಫಾರಂ ಬರೆದು ತಾ ಅಂದಿದ್ದರು. ನಾನು ಬರೆದು ಕೊಟ್ಟಿದ್ದೆ. ಜೊತೆಗೆ ಒಂದು ಚೀಟಿ. ನನ್ನದೇ ಅಕ್ಷರ, ಆಗಿನ್ನೂ ದುಂಡಗೆ:

‘ಹಾಳೆಯ ಕೆಳಭಾಗ ಖಾಲಿ ಕಾಣುತ್ತದೆ ಸಾರ್. ಸಂಸ್ಥೆಯ ಸೀಲಿಗೆ ಒಂದು ಚೌಕ ಹಾಕಿದರೆ ಲಕ್ಷಣವಾಗಿರುತ್ತದೆ.’

ಪಕ್ಕದಲ್ಲಿ ಕೆಂಪು ಶಾಯಿ: ‘ಆಗಲಿ.’

ಲಕ್ಷಣವಾಗಿರುತ್ತದೆ.

ಅಲ್ಲೇ ರಟ್ಟಿನ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ. ಕಾಯ್ದೆಯಲ್ಲ, ಸರ್ಕಾರವಲ್ಲ, ಮೇಲಿನವರಲ್ಲ. ಎರಡು ಅಂಗುಲ ಖಾಲಿ ಜಾಗ ನೋಡಲಾರದೆ ನಾನು ಎಳೆದ ನಾಲ್ಕು ಗೆರೆ. ಅದರ ಹೊರಗೆ ಎಷ್ಟು ಜನರನ್ನು ನಿಲ್ಲಿಸಿದೆ! ಜೇನು ಸಾಕುತ್ತಿದ್ದ ಆ ನಿವೃತ್ತ ಡ್ರೈವರ್. ಮಗಳ ಕಿವಿಯ ಕಾಯಿಲೆ ಬಗ್ಗೆ ನಾಲ್ಕು ಪುಟ ಕೇಳಿದ ತಾಯಿ. ಹಳೆಯ ಬೀಗಗಳ ಬಗ್ಗೆ ಬರೆಯುತ್ತಿದ್ದ ಕೀಲಿ ರಿಪೇರಿಯವನು, ಮೂರು ಸಲ ಬಂದಿದ್ದ. "ಸೀಲ್ ಇಲ್ಲದೆ ಆಗಲ್ಲ." ಎಷ್ಟು ಗತ್ತಿನಿಂದ ಹೇಳಿದ್ದೆ.

ನಾಚಿಕೆಯಾಗುತ್ತಿದೆ. ಬೇರೆ ಪದ ಹುಡುಕುವುದಿಲ್ಲ.

ಚೀಟಿ ಮೇಡಂ ಮೇಜಿನ ಮೇಲಿಟ್ಟು ಬಂದೆ. ಓದಿದರು, ತುಟಿ ಕಚ್ಚಿದರು, ನಗು ತಡೆಯಲಾಗಲಿಲ್ಲ. "ಸೋಮವಾರ ಹೊಸ ಫಾರಂ ಮಾಡಿ. ಲಕ್ಷಣ ಕಮ್ಮಿ ಇದ್ರೂ ಪರವಾಗಿಲ್ಲ."

ಮಾರ್ಚ್ 23, ಭಾನುವಾರ. ಮಧ್ಯಾಹ್ನ 1.00. ಮನೆ

ಬೆಳಿಗ್ಗೆ ಅಕ್ಕನ ಅಂಗಡಿಗೆ ಹೋದೆ. ಭಾನುವಾರ ಅರ್ಧ ಬಾಗಿಲು. ಒಳಗೆ ಮಿಷನ್ ಎಣ್ಣೆಯ ವಾಸನೆ, ಹ್ಯಾಂಗರಿನಲ್ಲಿ ತೋಳಿಲ್ಲದ ಕೋಟು, ನೆಲದ ಮೇಲೆ ಸೀಮೆಸುಣ್ಣದ ಚೂರು. ಚೀಟಿಯ ಕತೆ ಹೇಳಿದೆ. ಬೈಯಲಿ ಎಂದೇ ಹೇಳಿದೆ.

ನಕ್ಕಳು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. "ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ. ಆ ಪೂಜಾರಿ ನನ್ನ ತಮ್ಮನೇ ಅಂತ ಗೊತ್ತಿರ್ಲಿಲ್ಲ."

"ಈಗ ಸೀಲ್ ಬೇಡ ಅಕ್ಕ. ಇಪ್ಪತ್ತೊಂದು ಪುಟ ಕೊಡ್ತೀನಿ. ಆದ್ರೆ ಆ 97–98... ಗಡಿಯಾಚೆಯವರು ಕೊಡಲ್ಲ ಅಂದ್ರು. ಯಾವ ಕಳ್ಳ ನನ್ಮಗ ಕತ್ತರಿಸಿದ್ನೋ..."

ನಗು ನಿಂತಿತು.

ಎದ್ದು ಹಳೆಯ ಮಿಷನ್ನಿನ ಡ್ರಾಯರ್ ಎಳೆದಳು. ಬಾಬಿನ್, ಗುಂಡಿ, ಸೂಜಿ ಪಾಕೀಟು. ಅದರ ಕೆಳಗೆ ಪ್ಯಾಟರ್ನ್ ಕಾಗದದಲ್ಲಿ ಸುತ್ತಿದ್ದ ಒಂದು ಹಾಳೆ. ನನ್ನ ಮುಂದಿಟ್ಟಳು. 97. ತಿರುಗಿಸಿದೆ. 98.

"ನನ್ಮಗ ಅಲ್ಲ ಕಣೋ. ನಾನೇ."

ಅವಳೇ ಹೇಳಿದಳು. ಹದಿನೆಂಟು ವರ್ಷದ ಹಿಂದೆ. ಕೆಲಸ ಕಲಿಸಿದ ಮೇಷ್ಟ್ರು ಈ ಪುಸ್ತಕದ ಬಗ್ಗೆ ಯಾವಾಗಲೂ ಹೇಳುತ್ತಿದ್ದರಂತೆ. ತಮ್ಮ ಇರುವ ಗ್ರಂಥಾಲಯದಲ್ಲೇ ಇದೆ ಎಂದು ಗೊತ್ತಾಗಿ ಖುಷಿಯಿಂದ ಬಂದಳಂತೆ, ನನಗೆ ಹೇಳದೆ, ಕಿಟಕಿಯಲ್ಲಿ ಕಂಡು ಬೆರಗಾಗಲಿ ಎಂದು.

"ಫಾರಂ ಕಿಟಕಿಯೊಳಗೆ ಚಾಚಿದೆ. ನೀನು ತಲೆ ಎತ್ತಲಿಲ್ಲ. ‘ಸೀಲ್ ಇದೆಯಾ’ ಅಂದೆ. ‘ಇಲ್ಲ’ ಅಂದೆ ನಾನು. ‘ಮುಂದಿನವರು’ ಅಂದೆ ನೀನು."

"ನಿನ್ನ ದನಿ... ನನಗೆ..."

"ಗೊತ್ತಾಗಲಿಲ್ಲ ನಿನಗೆ. ಎತ್ತಿ ಆಡಿಸಿದವಳ ದನಿ. ಸಿಟ್ಟು ನೆತ್ತಿಗೇರ್ತು. ವಾಪಸ್ ಓದೋ ಕೋಣೆಗೆ ಹೋದೆ, ಆಗಿನ್ನೂ ಕಾರ್ಡ್ ಕೇಳ್ತಿರ್ಲಿಲ್ಲ. ಕುತ್ತಿಗೇಲಿ ದಾರ ಕತ್ತರಿಸೋ ಕತ್ತರಿ ನೇತಾಡ್ತಿತ್ತು. ಕೈ ನಡುಗಲೇ ಇಲ್ಲ ಕಣೋ. ಆಮೇಲೆ ಹದಿನೆಂಟು ವರ್ಷ ನಡುಗ್ತು."

ಏಳು ವರ್ಷ ಮುಚ್ಚಿಟ್ಟು, ಆಮೇಲೆ ತೆರೆದಳಂತೆ. ಜೇಬಿನ ಹುಚ್ಚು ಹುಟ್ಟಿದ್ದೇ ಈ ಹಾಳೆಯಿಂದ. ಈ ಅಳತೆಗೂ ಕೈಗೆ ಬರುವ ಬಟ್ಟೆಗೂ ಏಕೆ ತಾಳೆಯಾಗುತ್ತಿಲ್ಲ ಎಂದು ಹುಡುಕುತ್ತ ಹೋದವಳು. ಲೇಖನಕ್ಕೆ ಜೀವ ಕೊಟ್ಟ ಹಾಳೆ, ಆದರೆ ತನ್ನಲ್ಲಿದೆ ಎಂದು ಹೇಳಲಾಗದ ಹಾಳೆ. ಅದನ್ನು ವಾಪಸ್ ಕೊಡದೆ ಅಚ್ಚಾಗುವುದು ಅವಳಿಗೂ ಬೇಡ. ಈ ಸಲ ಗ್ರಂಥಾಲಯಕ್ಕೆ ಬಂದಾಗೆಲ್ಲ ಅದು ಅವಳ ಚೀಲದಲ್ಲೇ ಇತ್ತಂತೆ. ಹೇಳಲು ಬಾಯಿ ಬರಲಿಲ್ಲವಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಗಾದೆ ನೆನಪಾಯಿತು. ಅವತ್ತು ಚಪ್ಪಲಿ ಪಟ್ಟಿಗೆ ಬಗ್ಗಿದ್ದಳಲ್ಲ.

ಹಾಳೆ ಚೂರೂ ಮಾಸಿಲ್ಲ. ನಮ್ಮಲ್ಲೇ ಇದ್ದಿದ್ದರೆ ಇಷ್ಟು ಚೆನ್ನಾಗಿ ಇರುತ್ತಿರಲಿಲ್ಲ.

"ಗೋಂದಣ್ಣನಿಗೆ ಗುಟ್ಟಾಗಿ ಕೊಟ್ಟು ಅಂಟಿಸಿಬಿಡ್ಲಾ?" ಅಂದೆ. ನಾನು! ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಇಂಥ ಮಾತು ಬಾಯಿಂದ ಬಂತು.

"ಥೂ, ಒಂದು ಕಳ್ಳತನ ಮುಚ್ಚೋಕೆ ಇನ್ನೊಂದಾ? ನಾನೇ ಬಂದು ಹೇಳ್ತೀನಿ. ಲೇಖನ ಹೋದ್ರೆ ಹೋಗ್ಲಿ."

ಚಹಾ ಕೊಟ್ಟಳು. ಕುಡಿದೆವು. ಇಬ್ಬರಲ್ಲಿ ಯಾರು ಯಾರಿಗೆ ಕ್ಷಮೆ ಕೇಳಬೇಕೋ ತಿಳಿಯದೆ ಮಳಿಗೆಯ ಮುಂದೆ ಹೋಗುವ ಸೈಕಲ್ಲುಗಳನ್ನು ನೋಡುತ್ತ ಕೂತೆವು.

ಮಾರ್ಚ್ 24, ಸೋಮವಾರ. ಮಧ್ಯಾಹ್ನ 12.40

ಹತ್ತೂವರೆಗೆ ಬಂದಳು. ಇಸ್ತ್ರಿ ಮಾಡಿದ ಬಟ್ಟೆ, ಕೈಯಲ್ಲಿ ಹಾಳೆ. ಮೇಡಂ ಕೋಣೆಗೆ ನಾನೂ ಹೋದೆ. ನಿಂತೇ ಹೇಳಿದಳು, ಮೊದಲಿಂದ ಕೊನೆಯವರೆಗೆ, ಒಂದು ಹೊಲಿಗೆಯೂ ಬಿಡದೆ. ‘ಮುಂದಿನವರು’ ಎಂಬಲ್ಲಿ ಮಾತ್ರ ನನ್ನ ಕಡೆ ನೋಡಲಿಲ್ಲ. ಅದು ಅವಳ ದೊಡ್ಡತನ.

ನಾನು ನಡುವೆ ಬಾಯಿ ಹಾಕಿದೆ. "ಮೇಡಂ, ಆ ಸೀಲ್ ಚೌಕ ಇಲ್ದೇ ಇದ್ದಿದ್ರೆ..."

"ನೀವು ಸುಮ್ಮನಿರಿ. ಚೌಕ ಬೇರೆ, ಕತ್ತರಿ ಬೇರೆ," ಅಂದರು ಮೇಡಂ. ಸರಿಯಾದ ಮಾತು.

ನಿಯಮದ ಪುಸ್ತಕ ತೆಗೆದರು. ಪುಸ್ತಕಕ್ಕೆ ಹಾನಿ ಮಾಡಿದವರಿಗೆ ಆರು ತಿಂಗಳು ಓದುವ ಕೋಣೆಗೆ ಪ್ರವೇಶವಿಲ್ಲ. ಅಕ್ಕ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟಳು. 31ಕ್ಕೆ ಏಳು ದಿನ. ಒಳಗೆ ಬರಲಾರಳು. ಮುಗಿಯಿತು.

ಮೇಡಂ ಕಾರ್ಡಿನ ಮೇಲೆ ‘ರದ್ದು’ ಎಂದು ಬರೆದರು. ಪೆನ್ನಿನ ಕ್ಯಾಪ್ ಹಾಕಿದರು. ಆಮೇಲೆ ನನ್ನನ್ನು ಕೇಳಿದರು:

"ನಕಲು ಕೇಳೋಕೆ ಓದುವ ಕಾರ್ಡ್ ಬೇಕು ಅಂತ ಕಾಯ್ದೆಯಲ್ಲಿದೆಯಾ?"

"ಇಲ್ಲ ಮೇಡಂ."

"ನಮ್ಮ ನಿಯಮದಲ್ಲಿ?"

"...ಇಲ್ಲ."

"ನಿಮ್ಮ ಕಿಟಕಿ ಎಲ್ಲಿಗೆ ತೆರೆಯುತ್ತೆ?"

"ಕಾರಿಡಾರಿಗೆ."

"ಕಾರಿಡಾರ್ ಓದುವ ಕೋಣೆ ಅಲ್ಲವಲ್ಲ," ಅಂದು ಬೇರೆ ಫೈಲು ಎಳೆದುಕೊಂಡರು.

ಇಪ್ಪತ್ತು ವರ್ಷ ಚಿಕ್ಕವರು. ಕೈ ಮುಗಿಯಬೇಕೆನಿಸಿತು. ಮುಗಿದರೆ ಬೈಯುತ್ತಾರೆ.

ಮಾರ್ಚ್ 26, ಬುಧವಾರ. ಬೆಳಿಗ್ಗೆ 9.08

ನಿನ್ನೆ ಗೋಂದಣ್ಣ ಹಾಳೆ ಕೂರಿಸಿದರು. ತೆಳು ಕಾಗದದ ಪಟ್ಟಿ, ಗಂಜಿಯ ಅಂಟು, ಮೇಲೆ ಭಾರ. ರಾತ್ರಿಯೆಲ್ಲ ಒಣಗಿದೆ. ಅಂಚಿಗೆ ಅಂಚು ಕೂದಲೆಳೆಯಷ್ಟೂ ತಪ್ಪಿಲ್ಲ. "ಕತ್ತರಿಸಿದವರು ಕೆಲಸಗಾರರು ಸಾರ್, ಅದಕ್ಕೇ ಸೇರಿಸೋದು ಸುಲಭವಾಯ್ತು," ಅಂದರು. ಯಾರೆಂದು ಅವರಿಗೆ ಗೊತ್ತು. ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೊಸ ಫಾರಂ ಮಾಡಿದೆ. ಹೆಸರು, ಪುಸ್ತಕ, ಪುಟ, ಒಂದು ಸಾಲು, ಸಹಿ. ಕೆಳಗೆ ಎರಡು ಅಂಗುಲ ಖಾಲಿ. ಕೈ ಎಷ್ಟು ತುರಿಸಿತೆಂದರೆ! ಒಂದು ಗೆರೆ, ಒಂದು ಹೂವು, ಏನಾದರೂ. ಹಾಕಲಿಲ್ಲ.

ಸಂಜೆ 4.10

ಬಂದಳು. ಕಾರಿಡಾರಿನಲ್ಲಿ ನಿಂತಳು, ಓದುವ ಕೋಣೆಯ ಹೊಸ್ತಿಲಿನಿಂದ ಒಂದು ಮಾರು ದೂರ, ಬೇಕೆಂದೇ ಅಳೆದು. ನಾನು ತಲೆ ಎತ್ತಿದೆ. ಪೂರ್ತಿ ಎತ್ತಿದೆ.

"ಬಾ ಅಕ್ಕ."

ಉದ್ದೇಶದ ಎದುರು ‘ಸಂಶೋಧನೆ’ ಎಂದು ಬರೆದಳು. ವಿಷಯ: ‘ಜೇಬು’. ಸಹಿ ಹಾಕಿ, ಕೆಳಗಿನ ಖಾಲಿ ಜಾಗದ ಮೇಲೆ ಬೆರಳಾಡಿಸಿದಳು.

"ಇಲ್ಲೇನೂ ಬೇಡ್ವಾ?"

"ಬೇಡ. ಸ್ವಲ್ಪ ಬೋಳು ಬೋಳು ಕಾಣುತ್ತೆ, ಅಲ್ವಾ?"

"ಕಾಣಲಿ ಬಿಡು. ಜೇಬು ಇರೋದೇ ಖಾಲಿ ಇರೋಕೆ. ಅವರವರು ತಂದಿದ್ದನ್ನ ಅವರವರು ಹಾಕ್ಕೋತಾರೆ."

ಇಪ್ಪತ್ತೊಂದು ಪುಟ ತೆಗೆದೆ, ಒಂದೂವರೆ ಪಟ್ಟು ದೊಡ್ಡದು ಮಾಡಿ. 97, 98 ಮೊದಲು. ಬಿಸಿ ಹಾಳೆಯನ್ನು ಅವಳು ಕೆನ್ನೆಗೆ ಒತ್ತಿಕೊಂಡಳು, ಇಸ್ತ್ರಿ ಮಾಡಿದ ಬಟ್ಟೆಯ ಬಿಸಿ ನೋಡುವ ಹಾಗೆ. ಆಮೇಲೆ ನೆನಪಿಸಿದಳು.

"ಐದನೇ ಒಂದು?"

ಬಿಟ್ಟಿದ್ದ ಪುಟಗಳಲ್ಲೊಂದನ್ನು ಗಾಜಿನ ಮೇಲಿಟ್ಟು, ಕೆಳಗಿನ ನಾಲ್ಕು ಭಾಗಕ್ಕೆ ಬಿಳಿ ಕಾಗದ ಮುಚ್ಚಿದೆ. ಸ್ಕೇಲಿಟ್ಟು ಅಳೆದೇ ಮುಚ್ಚಿದೆ. ಬಂದದ್ದು ಒಂದು ತಲೆಬರಹ, ಎರಡು ಸಾಲು. ಓದಿ ಅಕ್ಕ ಗಟ್ಟಿಯಾಗಿ ನಕ್ಕಳು. ಓದುವ ಕೋಣೆಯಿಂದ ಯಾರೋ ‘ಶ್’ ಅಂದರು.

ಅವಳು ಬೇಕೆಂದಿದ್ದ ಆ ಎರಡು ಸಾಲು: ‘ಹೆಂಗಸರ ಉಡುಪಿಗೆ ಜೇಬು ಇಡಬೇಕಾದರೆ ಮೊದಲು ಅವರನ್ನೇ ಕೇಳತಕ್ಕದ್ದು. ಇದುವರೆಗೆ ಯಾರೂ ಕೇಳಿದ್ದಿಲ್ಲ.’

ಮಧ್ಯಾಹ್ನವೇ ರಿಜಿಸ್ಟರ್ಡ್ ಪೋಸ್ಟ್ ಮಾಡಿದಳು. ನೆಮ್ಮದಿ. ಮನೆಗೆ ಹೋಗಿ ಇವಳಿಗೆ ಹೇಳಿದರೆ, "ಅಂತೂ ರೊಟ್ಟಿ ಬೆಂತು" ಅನ್ನುತ್ತಾಳೆ, ನೋಡುತ್ತಿರಿ.

(ಅಂದಳು.)

ಜುಲೈ 14, ಸೋಮವಾರ. ಬೆಳಿಗ್ಗೆ 9.11

ಎಷ್ಟೋ ದಿನವಾಯಿತು ಬರೆದು. ಹಾಳಾದ ಪ್ರತಿಗಳೇ ಉಳಿಯುತ್ತಿಲ್ಲ. ಕಿಟಕಿಯಲ್ಲಿ ಜನ. ಹಳೆಯ ವಿಳಾಸ ಹುಡುಕಿ ಕೆಲವರಿಗೆ ನಾನೇ ಕಾರ್ಡು ಬರೆದೆ, ಈಗ ಸೀಲ್ ಬೇಡ, ಬನ್ನಿ ಎಂದು. ಕೀಲಿ ರಿಪೇರಿಯವನು ಬಂದ. ಜೇನಿನ ಡ್ರೈವರ್ ತೀರಿಕೊಂಡಿದ್ದರು. ಆ ಕಾರ್ಡು ವಾಪಸ್ ಬಂತು, ಡ್ರಾಯರಿನಲ್ಲಿಟ್ಟಿದ್ದೇನೆ. ಅದು ಅಲ್ಲೇ ಇರಲಿ.

ಅಕ್ಕನ ಕಣ್ಣಿನ ಆಪರೇಷನ್ ಆಯಿತು. ಈಗ ನನ್ನ ಅಂಗಿಯ ಹೊಲಿಗೆ ದೂರದಿಂದಲೇ ಬೈಯುತ್ತಾಳೆ.

ಪತ್ರಿಕೆ ಮೊನ್ನೆ ಬಂತು. ಹನ್ನೆರಡು ಪುಟ, ಅವಳ ಹೆಸರು. ಹೆಸರಿನ ಕೆಳಗೆ ಸಂಸ್ಥೆ ಎಂಬಲ್ಲಿ ‘ಸ್ವಂತ’ ಅಂತ ಅಚ್ಚಾಗಿದೆ! ನನ್ನ ಹೆಂಡತಿ ಅದನ್ನು ಪಕ್ಕದ ಮನೆಯವರಿಗೆಲ್ಲ ತೋರಿಸಿ ಬಂದಳು. ಕೊನೆಯಲ್ಲಿ ಕೃತಜ್ಞತೆ. ಮೇಷ್ಟ್ರಿಗೆ, ಮೇಡಂಗೆ, ಗೋಂದಣ್ಣನಿಗೆ. ಆಮೇಲೆ ಒಂದು ಸಾಲು, ನೂರು ಸಲ ಓದಿದ್ದೇನೆ, ಇಲ್ಲೂ ಇರಲಿ:

‘ಪುಟಗಳ ನಕಲು: ನನ್ನ ತಮ್ಮ. ಊರ ಮಕ್ಕಳು ಅವನನ್ನು ನಕಲಿ ಎನ್ನುತ್ತವೆ. ಅಳೆದು ನೋಡಿದ್ದೇನೆ, ಅಸಲಿ.’

ಕಣ್ಣು ತುಂಬಿತು. ತುಂಬಲಿ. ಹಸಿರು ದೀಪ ಬಂದಿದೆ, ಕಿಟಕಿಯಲ್ಲಿ ಯಾರೋ ಆಗಲೇ ನಿಂತಿದ್ದಾರೆ. ಕೈಯಲ್ಲೊಂದು ದಪ್ಪ ಪುಸ್ತಕ, ಹೆದರಿಕೊಂಡ ಮುಖ. "ಸಾರ್, ನಾನು ಯಾವ ಸಂಸ್ಥೆಯವಳೂ ಅಲ್ಲ, ಸುಮ್ಮನೆ ನನ್ನಷ್ಟಕ್ಕೆ..." ಅನ್ನುತ್ತಿದ್ದಾರೆ. ಬರೆಯುವುದು ಆಮೇಲೆ, ಮೊದಲು ತಲೆ ಎ—